ಶಿವರಾಂಪೇಟೆಯ ಫೋಟೋ ಫ್ರೇಮ್ ಅಂಗಡಿ: ದೊಡ್ಡಮ್ಮನ ಫೋಟೋ ಮಾಡಿಸಿದ ಅನುಭವ

ಹೋದ ಡಿಸೆಂಬರ್‌ನಲ್ಲಿ ನಮ್ಮ ದೊಡ್ಡಮ್ಮ ತೀರಿಕೊಂಡರು. ಬೆಳಿಗ್ಗೆ ಡಿಕಾಕ್ಷನ್ ಹಾಕಿಟ್ಟು, ಹಾಲಿನವನು ಬರಲಿ ಅಂತ ಬಾಗಿಲ ಹತ್ತಿರ ಕೂತವರು ಹಾಗೇ ಗೋಡೆಗೆ ಒರಗಿಬಿಟ್ಟರು. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯಾಘಾತ ಅಂದರು. 71 ವರ್ಷ. ಇದು ಒಂದು ಅಂಗಡಿಯ ಬಗ್ಗೆ ಬರೆಯುತ್ತಿರುವ ರಿವ್ಯೂ, ಆದರೆ ದೊಡ್ಡಮ್ಮನ ಬಗ್ಗೆ ಹೇಳದೆ ಆ ಅಂಗಡಿ ಬಗ್ಗೆ ಹೇಳೋಕೆ ನನಗೆ ಬರುವುದಿಲ್ಲ.

ಅಂಗಡಿ ಇರುವುದು ಮೈಸೂರಿನ ಶಿವರಾಂಪೇಟೆಯಲ್ಲಿ, ದೊಡ್ಡ ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯ ಮೊದಲ ಮಹಡಿಯಲ್ಲಿ. ಹೆಸರು, ಫೋನ್ ನಂಬರ್ ಹಾಕಬೇಡಿ ಅಂತ ಮಾಲೀಕರೇ ಕೇಳಿಕೊಂಡರು. ಅವರೊಬ್ಬರೇ ಕೆಲಸ ಮಾಡುವುದು, ದಿನಕ್ಕೆ ಎರಡು ಮೂರು ಫೋಟೋಗಿಂತ ಜಾಸ್ತಿ ಆಗಲ್ಲ, ಬಂದವರನ್ನು ವಾಪಸ್ ಕಳಿಸೋಕೆ ಮನಸ್ಸೂ ಬರಲ್ಲ ಅಂದರು. ಅದಕ್ಕೆ ಹೆಸರು ಹಾಕಿಲ್ಲ. ಆದರೂ ಬರೆಯುತ್ತಿದ್ದೇನೆ. ಇಂಥ ಕೆಲಸ ಹೇಗೆ ಮಾಡಬೇಕು ಅನ್ನುವುದು ತಿಳಿದಿದ್ದರೆ ನೀವು ಯಾವ ಅಂಗಡಿಗೆ ಹೋದರೂ ಕೇಳಿ ಮಾಡಿಸಿಕೊಳ್ಳಬಹುದು, ಅಲ್ವಾ?

13ನೇ ದಿನದ ವೈಕುಂಠ ಸಮಾರಾಧನೆಗೆ ಒಂದು ದೊಡ್ಡ ಫೋಟೋ ಬೇಕಿತ್ತು. ಟ್ರಂಕಿನಿಂದ ನಾಲ್ಕು ಆಲ್ಬಮ್ ತೆಗೆದೆವು. ಒಂದರಲ್ಲೂ ದೊಡ್ಡಮ್ಮನ ಒಂದು ಸರಿಯಾದ ಫೋಟೋ ಇಲ್ಲ. ಮದುವೆ, ಮುಂಜಿ, ನಾಮಕರಣ, ಗೃಹಪ್ರವೇಶ, ಎಲ್ಲದರಲ್ಲೂ ಇದ್ದಾರೆ, ಆದರೆ ಮೂಲೆಯಲ್ಲಿ. ಅರ್ಧ ಮುಖ. ಇಲ್ಲಾ ಬೇರೆಯವರ ಮಗುವನ್ನು ಎತ್ತಿಕೊಂಡು ಬಗ್ಗಿದ್ದಾರೆ, ಇಲ್ಲಾ ಬಡಿಸುತ್ತಿದ್ದಾರೆ. ಮದುವೆಯಾದ ಹೊಸದರಲ್ಲಿ ದೊಡ್ಡಪ್ಪನ ಜೊತೆ ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪಿನದು ಒಂದಿತ್ತು. ಅದನ್ನು ನೋಡಿ ಅಕ್ಕ (ದೊಡ್ಡಮ್ಮನ ಮಗಳು) 'ಇದು ನಂಗೆ ಗೊತ್ತಿರೋ ಅಮ್ಮ ಅಲ್ಲ ಕಣೇ' ಅಂದಳು. ಆಧಾರ್ ಕಾರ್ಡಿನ ಫೋಟೋ ಇಡೋಕೆ ಯಾರಿಗೂ ಮನಸ್ಸಿರಲಿಲ್ಲ. ಮೊಬೈಲಲ್ಲಿ ಇದ್ದವೆಲ್ಲ ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿ ಬಂದವು, ಸ್ವಲ್ಪ ದೊಡ್ಡದು ಮಾಡಿದರೆ ಕಣ್ಣು ಮೂಗು ಕಲಸಿಹೋಗುತ್ತಿತ್ತು.

ಕೊನೆಗೆ ಸಿಕ್ಕಿದ್ದು 2004ರಲ್ಲಿ ನಮ್ಮಣ್ಣನ ಮುಂಜಿಯ ಫೋಟೋ. ಊಟದ ಪಂಕ್ತಿ. ಅಂಚಿನಲ್ಲಿ ದೊಡ್ಡಮ್ಮ ಈರುಳ್ಳಿ ಸಿಪ್ಪೆ ಬಣ್ಣದ ಮೈಸೂರು ರೇಷ್ಮೆ ಸೀರೆ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಾರೆ. ಯಾರೋ ಕರೆದಿದ್ದಾರೆ, ತಿರುಗಿ ನೋಡಿ ನಗುತ್ತಿದ್ದಾರೆ. ಪಕ್ಕದವರ ಮೊಣಕೈ ಅವರ ಭುಜದ ಮೇಲೆ ಬಂದಿದೆ, ಇಡೀ ಫೋಟೋ ಕೆಂಪಾಗಿದೆ. ಆದರೂ ಅದು ದೊಡ್ಡಮ್ಮನೇ.

ಮೊದಲು ಅದನ್ನು ಬೇರೊಂದು ಸ್ಟುಡಿಯೋಗೆ ಕೊಟ್ಟೆವು. ಮಾರನೇ ದಿನವೇ ಕೊಟ್ಟರು, ಬೆಲೆಯೂ ಕಡಿಮೆ. ಮನೆಗೆ ತಂದು ಬಿಚ್ಚಿದರೆ ಎಲ್ಲರೂ ಸುಮ್ಮನಾದೆವು. ಮುಖ ಬೆಳ್ಳಗೆ ಮಾಡಿದ್ದರು. ಕಣ್ಣ ಕೆಳಗಿನ ಗೆರೆ ಇಲ್ಲ, ಗಲ್ಲದ ಮೇಲಿನ ಮಚ್ಚೆ ಇಲ್ಲ. ಹಿಂದೆ ನೀಲಿ ಆಕಾಶ, ಮೋಡ, ಪಕ್ಕದಲ್ಲಿ ಉರಿಯುವ ದೀಪದ ಚಿತ್ರ. ಅದಕ್ಕಿಂತ ಜಾಸ್ತಿ ಬೇರೇನೋ ಸರಿಯಿಲ್ಲ ಅನ್ನಿಸುತ್ತಿತ್ತು, ಏನು ಅಂತ ಗೊತ್ತಾಗುತ್ತಿರಲಿಲ್ಲ. ದೊಡ್ಡಪ್ಪ ತುಂಬಾ ಹೊತ್ತು ನೋಡಿದರು. ಆಮೇಲೆ 'ಸೆರಗು ಬಲಗಡೆ ಬಂದಿದೆ. ಮೂಗುಬೊಟ್ಟೂ ಆ ಕಡೆಗೆ ಹೋಗಿದೆ' ಅಂದು ಎದ್ದು ಒಳಗೆ ಹೋದರು. ಆ ರಾತ್ರಿ ಊಟ ಮಾಡಲಿಲ್ಲ.

ಮುಖ ದೀಪದ ಚಿತ್ರದ ಕಡೆಗೆ ತಿರುಗಿರಲಿ ಅಂತ ಇಡೀ ಫೋಟೋವನ್ನು ಉಲ್ಟಾ ಮಾಡಿದ್ದರಂತೆ. ಕನ್ನಡಿಯಲ್ಲಿ ಕಾಣುವ ಹಾಗೆ. ಕೇಳಿದರೆ 'ಯಾರೂ ಗಮನಿಸಲ್ಲ ಬಿಡಿ' ಅಂದರು. 47 ವರ್ಷ ಜೊತೆಗೆ ಸಂಸಾರ ಮಾಡಿದವರು ಗಮನಿಸದೇ ಇರ್ತಾರಾ?

ಆ ದಿನಗಳಲ್ಲಿ ದೊಡ್ಡಪ್ಪನ ಜೊತೆ ಏನು ಮಾತಾಡಬೇಕು ಅನ್ನುವುದೇ ನಮಗೆ ತಿಳಿಯುತ್ತಿರಲಿಲ್ಲ. ಬಂದವರೆಲ್ಲ 'ಪುಣ್ಯವಂತೆ, ಮುತ್ತೈದೆಯಾಗಿ ಹೋದರು' ಅನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳುವುದು, ಗೊತ್ತು. ಆದರೆ ಆ ಮಾತನ್ನು ಹಿಂದೆ ಉಳಿದ ಗಂಡನ ಎದುರು ಕೂತು ಹೇಳುವಾಗ ಅವರಿಗೆ ಹೇಗೆ ಕೇಳಿಸಬಹುದು ಅಂತ ಸ್ವಲ್ಪ ಯೋಚಿಸಬೇಕು. ದೊಡ್ಡಪ್ಪ ತಲೆಯಾಡಿಸುತ್ತಿದ್ದರು, ಅಷ್ಟೇ. ಅಕ್ಕನದು ಬೇರೆ ಸಂಕಟ. ಅವಳಿರುವುದು ಬೆಂಗಳೂರಿನಲ್ಲಿ. ಹಿಂದಿನ ರಾತ್ರಿ ಅಮ್ಮ ಫೋನ್ ಮಾಡಿದಾಗ ಆಫೀಸಿನ ಕೆಲಸ ಇತ್ತು, 'ನಾಳೆ ಮಾಡ್ತೀನಿ ಇರಮ್ಮ' ಅಂದು ಇಟ್ಟಿದ್ದಳು. ಆ ಒಂದು ಮಾತನ್ನು ಐದು ದಿನದಿಂದ ಎಲ್ಲರಿಗೂ ಹೇಳುತ್ತಿದ್ದಳು. 'ಅದನ್ನೆಲ್ಲ ಯೋಚನೆ ಮಾಡಬೇಡ' ಅಂತ ಎಲ್ಲರೂ ಅನ್ನುತ್ತಿದ್ದೆವು. ಅದರಿಂದ ಏನೂ ಆಗುತ್ತಿರಲಿಲ್ಲ.

ಆರನೇ ದಿನ ಅಕ್ಕ, ನಾನು ಇಬ್ಬರೂ ಈ ಶಿವರಾಂಪೇಟೆ ಅಂಗಡಿಗೆ ಹೋದೆವು. ಮೆಟ್ಟಿಲು ಕಿರಿದು, ಕಡಿದು. ಒಳಗೆ ಕೊಯ್ದ ಮರದ ಹುಡಿ, ಅಂಟಿನ ವಾಸನೆ. ಗೋಡೆಗೆ ಒರಗಿಸಿಟ್ಟ ಫ್ರೇಮಿನ ಪಟ್ಟಿಗಳು, ಕಟ್ಟು ಹಾಕಿಸಿಕೊಳ್ಳಲು ಕಾಯುತ್ತಿದ್ದ ಎರಡು ಮೈಸೂರು ಶೈಲಿಯ ಚಿತ್ರಗಳು, ಒಂದು ಕಂಪ್ಯೂಟರ್. ಮಾಲೀಕರಿಗೆ 60 ದಾಟಿರಬೇಕು. 'ಕೂತ್ಕೊಳಿ ತಾಯಿ, ನೀರು ಕುಡೀರಿ' ಅಂದರು. ಫೋಟೋವನ್ನು ಅಂಚು ಹಿಡಿದು ತೆಗೆದುಕೊಂಡರು. ಬೆಳಕಿಗೆ ಹಿಡಿದು, ಆಮೇಲೆ ಭೂತಗನ್ನಡಿಯಲ್ಲಿ ನೋಡಿದರು. ಹಳೇ ಕಲರ್ ಪ್ರಿಂಟುಗಳಲ್ಲಿ ನೀಲಿ ಕಡೆಯ ಬಣ್ಣ ಬೇಗ ಮಾಸಿಹೋಗುತ್ತದೆ, ಹಾಗಾಗಿ ಉಳಿದದ್ದು ಕೆಂಪಾಗಿ ಕಾಣುತ್ತದೆ, ಅಂಟಿನ ಹಾಳೆಯ ಆಲ್ಬಮ್‌ನಲ್ಲಿ ಇಟ್ಟಿದ್ದರೆ ಇನ್ನೂ ಕೆಡುತ್ತದೆ ಅಂತ ವಿವರಿಸಿದರು. ಮನೆಯಲ್ಲಿ ಅಂಥ ಆಲ್ಬಮ್ ಇದ್ದರೆ ಬಲವಂತವಾಗಿ ಕೀಳಬೇಡಿ, ಆ ಪುಟದಲ್ಲೇ ಇಟ್ಟು ಸ್ಕ್ಯಾನ್ ಮಾಡಿಸಿ ಅಂದರು. ಇದು ನನಗೆ ಗೊತ್ತಿರಲಿಲ್ಲ.

ಆಮೇಲೆ ಸೈಜ್ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

'ಅಮ್ಮಾವ್ರು ಸ್ಟಿಕ್ಕರ್ ಇಡ್ತಿದ್ರಾ, ಕುಂಕುಮನಾ?'

ಅಕ್ಕ, 'ಕುಂಕುಮ. ಮೇಣ ಹಚ್ಚಿ ಅದರ ಮೇಲೆ ಇಡ್ತಿದ್ಲು' ಅಂದಳು. ಒಂದು ಕ್ಷಣ ಬಿಟ್ಟು, 'ಮಧ್ಯಾಹ್ನದ ಹೊತ್ತಿಗೆ ಮೂಗಿನ ಮೇಲೆ ಉದುರಿರ್ತಿತ್ತು' ಅಂದಳು.

'ಹಾಗಾದ್ರೆ ಇಲ್ಲಿ ಮೂಗಿನ ಮೇಲೆ ಕೆಂಪಗೆ ಕಾಣ್ತಿರೋದು ಕಲೆ ಅಲ್ಲ. ಅದನ್ನ ಅಳಿಸಲ್ಲ' ಅಂದರು ಅವರು.

ನಾವಿಬ್ಬರೂ ಬಗ್ಗಿ ನೋಡಿದೆವು. ಭೂತಗನ್ನಡಿಯ ಕೆಳಗೆ, ಮೂಗಿನ ಮೇಲ್ಗಡೆ, ಸೂಜಿ ಮೊನೆಯಷ್ಟು ಕೆಂಪು. 20 ವರ್ಷದ ಹಿಂದಿನ ಒಂದು ಬೆಳಿಗ್ಗೆ ದೊಡ್ಡಮ್ಮ ಇಟ್ಟುಕೊಂಡ ಕುಂಕುಮ. ಅಕ್ಕ ಅತ್ತಳು, ಆಮೇಲೆ ಮಾತಾಡೋಕೆ ಶುರು ಮಾಡಿದಳು. ಅವರು ಒಂದೊಂದೇ ಕೇಳುತ್ತಾ ಹೋದರು. ಮೂಗುಬೊಟ್ಟಿನ ಹರಳು ಬಿಳಿಯದೋ ಕೆಂಪೋ. ಕೂದಲಿಗೆ ಬಣ್ಣ ಹಾಕುತ್ತಿದ್ದರೋ ಇಲ್ಲವೋ. ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತೋ, ಇಲ್ಲಾ ಇದು ಫೋಟೋದ ಮಡಿಕೆಯೋ. ಏನು ಕೆಲಸ ಮಾಡುತ್ತಿದ್ದರು. ಒಂದೊಂದಕ್ಕೂ ಅಕ್ಕ ಒಂದೊಂದು ಕಥೆ ಹೇಳಿದಳು. ಮುಕ್ಕಾಲು ಗಂಟೆ ಕೂತಿದ್ದೆವು. ಗಡಿಬಿಡಿ ಇರಲಿಲ್ಲ. ಫೋನ್ ಬಂದರೂ ಅವರು ಎತ್ತಲಿಲ್ಲ. ಬಂದ ದಿನದಿಂದ ಅಕ್ಕ ಅಮ್ಮನ ಬಗ್ಗೆ ಆ ಒಂದು ಫೋನ್ ಮಾತು ಬಿಟ್ಟು ಬೇರೆ ಹೇಳಿದ್ದು ಅದೇ ಮೊದಲು.

ಸೀರೆ ಬಣ್ಣದ್ದು ದೊಡ್ಡ ಕೆಲಸವಾಯಿತು. ಈರುಳ್ಳಿ ಸಿಪ್ಪೆ ಬಣ್ಣ ಪ್ರಿಂಟಿನಲ್ಲಿ ಸರಿಯಾಗಿ ಬರುವುದು ಕಷ್ಟ, ಒಂದು ಸ್ವಲ್ಪ ಆ ಕಡೆ ಹೋದರೆ ಗುಲಾಬಿ, ಈ ಕಡೆ ಬಂದರೆ ಕಂದು. 'ಸೀರೆ ಇನ್ನೂ ಇದ್ರೆ ತನ್ನಿ' ಅಂದರು. ಇತ್ತು. ದೊಡ್ಡಮ್ಮ ತಮ್ಮ ಅರಿಯರ್ಸ್ ಬಂದಾಗ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯ ಮಳಿಗೆಯಲ್ಲೇ ಸರದಿಯಲ್ಲಿ ನಿಂತು ತಂದಿದ್ದು. 1912ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಕಾರ್ಖಾನೆ ಅದು, ಅಲ್ಲಿ ತಂದರೆ ಮೋಸ ಇಲ್ಲ ಅನ್ನುತ್ತಿದ್ದರು. ಅಕ್ಕ ಬೀರುವಿನಿಂದ ತೆಗೆದು ಹಳೇ ಪಂಚೆಯಲ್ಲಿ ಸುತ್ತಿಕೊಂಡು ತಂದಳು. ಮಾಲೀಕರು ಕೈ ತೊಳೆದು ಒರೆಸಿಕೊಂಡು ಬಂದು ಸೆರಗಿನ ತುದಿಯನ್ನು ಕಂಪ್ಯೂಟರ್ ಪರದೆ ಪಕ್ಕದಲ್ಲಿ ಹರಡಿದರು. ಟ್ಯೂಬ್‌ಲೈಟ್ ಆರಿಸಿದರು, ಕಿಟಕಿ ತೆರೆದರು, ಹಗಲು ಬೆಳಕಲ್ಲಿ ಸೀರೆ ಒಮ್ಮೆ ಪರದೆ ಒಮ್ಮೆ ನೋಡುತ್ತಾ ಬಣ್ಣ ಕೂಡಿಸಿದರು. ಮೂರು ಚಿಕ್ಕ ಪ್ರಿಂಟ್ ತೆಗೆದು ಸೀರೆ ಮೇಲೆ ಇಟ್ಟು ನೋಡಿದರು. ಮೂರನೆಯದು ಸೀರೆಯಲ್ಲಿ ಸೇರಿಹೋಯಿತು.

ಮುಖವನ್ನು ಮಾತ್ರ ಅವರು ಮುಟ್ಟುವುದಿಲ್ಲ. 'ಹರಿದಿದ್ದು, ಮಾಸಿದ್ದು ಸರಿ ಮಾಡ್ತೀನಿ, ಇಲ್ಲದ್ದನ್ನ ತಂದು ಹಾಕಲ್ಲ' ಅಂದರು. ಈಗ ಮೊಬೈಲಲ್ಲಿ ಹಳೇ ಫೋಟೋ ಹೊಸದು ಮಾಡುವ ಎಐ ಆಪ್‌ಗಳು ಬಂದಿವೆಯಲ್ಲ, ನಾನೂ ಒಂದರಲ್ಲಿ ಹಾಕಿ ನೋಡಿದ್ದೆ, ಅದನ್ನು ತೋರಿಸಿದೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟರು. ಆಪ್‌ನ ಫೋಟೋದಲ್ಲಿ ರೆಪ್ಪೆ ಒಂದೊಂದಾಗಿ ಎಣಿಸಬಹುದು, ಹಲ್ಲು ಸಾಲಾಗಿವೆ, ಆದರೆ ಆ ರೆಪ್ಪೆ ದೊಡ್ಡಮ್ಮನದಲ್ಲ, ಆ ಹಲ್ಲೂ ಅಲ್ಲ. ಮಸುಕಾಗಿರುವ ಕಡೆ ಆಪ್ ತಾನೇ ಊಹಿಸಿ ಹೊಸ ಮುಖ ಬರೆಯುತ್ತದೆ. ತೀರಿಹೋದವರ ಫೋಟೋಗೆ ಅದನ್ನು ದಯವಿಟ್ಟು ಮಾಡಬೇಡಿ. ಸ್ವಲ್ಪ ಮಸುಕಾಗಿದ್ದರೂ ಪರವಾಗಿಲ್ಲ.

ಬೆಳಕು ಎಡಗಡೆಯ ಕಿಟಕಿಯಿಂದ ಬಂದಿದೆ ನೋಡಿ, ಅದಕ್ಕೇ ಮುಖ ಇಷ್ಟು ಚೆನ್ನಾಗಿ ಬಂದಿರೋದು ಅಂತ ಅವರು ತೋರಿಸಿದಾಗ ನನಗೆ ಜಗನ್ಮೋಹನ ಅರಮನೆ ನೆನಪಾಯಿತು. ರಜೆಗೆ ಬಂದ ಮಕ್ಕಳನ್ನೆಲ್ಲ ದೊಡ್ಡಮ್ಮ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ದೀಪ ಹಿಡಿದ ಹೆಣ್ಣುಮಗಳ ಚಿತ್ರದ ಮುಂದೆ ನಮ್ಮನ್ನು ನಿಲ್ಲಿಸಿ 'ಬೆರಳ ಸಂದಿ ನೋಡಿ, ಬೆರಳೇ ಬೆಳಗ್ತಿದೆ' ಅನ್ನುತ್ತಿದ್ದರು. ಮನೆಗೆ ಬಂದು ಕರೆಂಟ್ ಹೋದಾಗ ಮೇಣದಬತ್ತಿಗೆ ಕೈ ಅಡ್ಡ ಹಿಡಿದು ತಮ್ಮ ಬೆರಳಲ್ಲೇ ತೋರಿಸುತ್ತಿದ್ದರು, ಅಂಚೆಲ್ಲ ಕೆಂಪಗೆ ಕಾಣುತ್ತಿತ್ತು. ಎಷ್ಟೋ ಜನ ಅದನ್ನು ರವಿವರ್ಮನದು ಅಂದುಕೊಂಡಿದ್ದಾರೆ. ಬರೆದವರು ಎಸ್.ಎಲ್. ಹಳದಣಕರ್, ದೀಪ ಹಿಡಿದು ನಿಂತಿದ್ದು ಅವರ ಮಗಳು ಗೀತಾ. ಆ ಗೀತಾ ಅವರು 2018ರಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಸುದ್ದಿ ಬಂದ ದಿನ ದೊಡ್ಡಮ್ಮ ನನಗೆ ಫೋನ್ ಮಾಡಿ, ನಮ್ಮ ಮನೆಯವರೇ ಯಾರೋ ಹೋದ ಹಾಗೆ ಬೇಜಾರು ಮಾಡಿಕೊಂಡಿದ್ದರು.

ಎಂಟನೇ ದಿನ ಸಣ್ಣ ಪ್ರೂಫ್ ಕೊಟ್ಟು 'ಮನೆಯಲ್ಲಿ ಎಲ್ಲರಿಗೂ ತೋರಿಸಿ ಹೇಳಿ' ಅಂದರು. ದೊಡ್ಡಪ್ಪ ಕರ್ಮಕ್ಕೆ ಕೂತವರು, ಹೊರಗೆ ಬರುವ ಹಾಗಿರಲಿಲ್ಲ. ಮೊಣಕೈ ಮಾಯವಾಗಿತ್ತು, ಭುಜ ಪೂರ್ತಿ ಬಂದಿತ್ತು, ಹಿಂದೆ ಸಾದಾ ಬೂದು ಬಣ್ಣ. ನೆಂಟರೊಬ್ಬರು ನೋಡಿ, ಸಮಾರಾಧನೆಗೆ ಇಡುವ ಫೋಟೋದಲ್ಲಿ ಸೆರಗು ಸಿಕ್ಕಿಸಿಕೊಂಡಿದ್ದರೆ ಚೆನ್ನಾಗಿರಲ್ಲ, ಬಿಟ್ಟ ಸೆರಗಿನ ಹಾಗೆ ಮಾಡಿಸಿ ಅಂದರು. ಅಕ್ಕ ನನ್ನ ಮುಖ ನೋಡಿದಳು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು, ಪ್ರೂಫ್ ತೆಗೆದುಕೊಂಡು, ಮೂಗುಬೊಟ್ಟು ಯಾವ ಕಡೆ ಇದೆ ಅಂತ ಮೊದಲು ನೋಡಿದರು. ಆಮೇಲೆ 'ಅವಳು ಇದ್ದಿದ್ದೇ ಹಾಗೆ. ಇರಲಿ' ಅಂದರು. ಆ ಮಾತು ಅಲ್ಲಿಗೇ ನಿಂತಿತು.

ಅವರು ಇದ್ದಿದ್ದು ಹಾಗೇ, ನಿಜ. ಮಂಡ್ಯದಲ್ಲಿ ಸರ್ಕಾರಿ ಶಾಲೆಯ ಟೀಚರ್. ಮನೆ ಮೈಸೂರಲ್ಲಿ, ಹಾಗಾಗಿ ದಿನಾ ರೈಲು. ಹೋಗೋಕೆ ಸುಮಾರು 45 ಕಿಲೋಮೀಟರ್, ಬರೋಕೆ ಅಷ್ಟೇ. ರಿಟೈರ್ ಆಗುವ ತನಕ ಹಾಗೇ ಓಡಾಡಿದರು. ಶ್ರೀರಂಗಪಟ್ಟಣ ದ್ವೀಪವಲ್ಲವಾ, ರೈಲು ಕಾವೇರಿಯನ್ನು ಎರಡು ಸಲ ದಾಟುತ್ತದೆ, ದೊಡ್ಡಮ್ಮ ಕಿಟಕಿಯಿಂದ ಒಂದು ನಾಣ್ಯ ಹಾಕಿ ಕೈ ಮುಗಿಯುತ್ತಿದ್ದರು. ನಾಲ್ಕನೇ ದಿನ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಹತ್ತಿರದ ಪಶ್ಚಿಮವಾಹಿನಿಗೆ ಹೋಗಿದ್ದೆವು. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನೂ ಬಿಟ್ಟ ಜಾಗ ಅದು. ಕೆಲಸ ಮುಗಿಸಿ ಮೆಟ್ಟಿಲ ಮೇಲೆ ನಿಂತಿದ್ದಾಗ ರೈಲು ಹೋದ ಸದ್ದು ಕೇಳಿತು. ದೊಡ್ಡಪ್ಪ ಅಷ್ಟು ದಿನದಲ್ಲಿ ತಾವಾಗಿ ಆಡಿದ ಒಂದೇ ಮಾತು, 'ಅವಳ ಟ್ರೈನು' ಅನ್ನುವುದು.

ಈಗ ಫೋಟೋ ಬಗ್ಗೆ ವಿವರ. 12×18 ಇಂಚು, ಮ್ಯಾಟ್ ಪೇಪರ್, ತೇಗದ ಪಟ್ಟಿ. ಗಾಜು ನೇರವಾಗಿ ಫೋಟೋಗೆ ತಾಗಬಾರದು, ಮಳೆಗಾಲದ ತೇವಕ್ಕೆ ಅಂಟಿಕೊಂಡರೆ ಆಮೇಲೆ ಬಿಡಿಸೋಕೆ ಆಗಲ್ಲ. ಅದಕ್ಕೆ ಸುತ್ತಲೂ ಒಂದು ದಪ್ಪ ರಟ್ಟಿನ ಅಂಚು ಕೊಟ್ಟು ನಡುವೆ ಜಾಗ ಬಿಡುತ್ತಾರೆ. ಹಿಂದುಗಡೆ ಹುಳ ನುಗ್ಗದ ಹಾಗೆ ಟೇಪ್ ಹಾಕಿ ಮುಚ್ಚಿದ್ದಾರೆ. ಬಿಸಿಲು ಬೀಳುವ ಗೋಡೆ, ನೀರು ಜಿನುಗುವ ಗೋಡೆ ಎರಡೂ ಬೇಡ, ದೀಪ ಮತ್ತು ಊದುಬತ್ತಿಯನ್ನು ಫೋಟೋದ ಕೆಳಗೇ ಹಚ್ಚಬೇಡಿ ಅಂದರು. ನಾವು ಹಿರಿಯರು ಹೇಳಿದ ಹಾಗೆ ನಡುಮನೆಯ ದಕ್ಷಿಣದ ಗೋಡೆಗೆ ಹಾಕಿದ್ದೇವೆ. ಸ್ಕ್ಯಾನ್, ರಿಪೇರಿ, ಪ್ರಿಂಟ್, ಕಟ್ಟು ಎಲ್ಲ ಸೇರಿ 2,100 ರೂಪಾಯಿ. ಮೊದಲಿನ ಸ್ಟುಡಿಯೋದವರು ತೆಗೆದುಕೊಂಡಿದ್ದು 900. ಸ್ಕ್ಯಾನ್ ಮಾಡಿದ ಫೈಲನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಟ್ಟರು, ನಾವು ಕೇಳದೆಯೇ. ಇದನ್ನು ಎಲ್ಲೇ ಮಾಡಿಸಿದರೂ ಕೇಳಿ ಇಸ್ಕೊಳ್ಳಿ.

ಕೊರತೆಗಳೂ ಇವೆ. 11ನೇ ದಿನ ಕೊಡುತ್ತೇನೆ ಅಂದವರು 12ನೇ ದಿನ ಸಂಜೆ ಏಳಕ್ಕೆ ಕೊಟ್ಟರು, ಅಲ್ಲಿಯ ತನಕ ನಮಗೆ ಜೀವ ಕೈಯಲ್ಲಿತ್ತು. ಫೋನ್ ಎತ್ತುವುದೇ ಇಲ್ಲ, ಹೋಗಿಯೇ ಕೇಳಬೇಕು. ಗಾಡಿ ನಿಲ್ಲಿಸೋಕೆ ಜಾಗವಿಲ್ಲ, ಶಿವರಾಂಪೇಟೆ ಗೊತ್ತಲ್ಲ. ಆ ಮೆಟ್ಟಿಲು ವಯಸ್ಸಾದವರಿಗೆ ಆಗುವುದಿಲ್ಲ. ಗಾಜು ಮಾಮೂಲಿನದು, ರಾತ್ರಿ ಟ್ಯೂಬ್‌ಲೈಟ್ ಹಾಕಿದರೆ ಅದರಲ್ಲಿ ಹೊಳೆಯುತ್ತದೆ. ಹೊಳೆಯದ ಗಾಜು ಬೇಕು ಅಂತ ನಾವೇ ಮೊದಲು ಕೇಳಬೇಕಿತ್ತು. ಪರ್ಸಿನಲ್ಲಿ ಇಡುವ ಚಿಕ್ಕ ಪ್ರಿಂಟುಗಳು ಮೊದಲ ಸಲ ತುಂಬಾ ಕಪ್ಪಾಗಿ ಬಂದಿದ್ದವು. ಅವನ್ನು ಮತ್ತೆ ಮಾಡಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

13ನೇ ದಿನ ಕುರ್ಚಿಯ ಮೇಲೆ ಫೋಟೋ ಇಟ್ಟು ಮೈಸೂರು ಮಲ್ಲಿಗೆ ಹಾರ ಹಾಕಿದೆವು. ಹನ್ನೊಂದರ ಹೊತ್ತಿಗೆ ದೊಡ್ಡಮ್ಮನ ರೈಲು ಸ್ನೇಹಿತೆಯರು ಏಳು ಜನ ಬಂದರು, ಇಬ್ಬರು ಮಂಡ್ಯದಿಂದ, ಒಬ್ಬರು ಪಾಂಡವಪುರದಿಂದ, ಉಳಿದವರು ಇಲ್ಲಿಯವರೇ. ಎಲ್ಲರೂ ರಿಟೈರ್ ಆದವರು. ಬಂದವರು ಏನು ಹೇಳಬೇಕೋ ತಿಳಿಯದೆ ಫೋಟೋ ಮುಂದೆ ನಿಂತರು. ಒಬ್ಬರು ಗಾಜಿನ ಮೇಲೆ, ಸೆರಗು ಸಿಕ್ಕಿಸಿದ್ದ ಜಾಗದಲ್ಲಿ ಬೆರಳಿಟ್ಟು, 'ಟ್ರೈನು ಹತ್ತೋವಾಗ್ಲೂ ಹೀಗೇ ಸಿಕ್ಕಿಸ್ಕೊಳ್ಳೋರು' ಅಂದರು. ಅಷ್ಟು ಸಾಕಾಯಿತು. ಅವರೆಕಾಯಿ ಕಾಲದಲ್ಲಿ ದೊಡ್ಡಮ್ಮ ಎರಡು ಚೀಲ ಹಿಡಿದುಕೊಂಡು ಬಂದು ಇಡೀ ಬೋಗಿಯ ಹೆಂಗಸರ ಕೈಯಲ್ಲಿ ಸುಲಿಸುತ್ತಿದ್ದದ್ದು, ಮೈಸೂರು ಬರುವ ಹೊತ್ತಿಗೆ ಎಲ್ಲರ ಮನೆಗೂ ಸಾರಿಗೆ ಆಗುವಷ್ಟು ಕಾಳು ಹಂಚುತ್ತಿದ್ದದ್ದು. ಒಬ್ಬರಿಗೆ ಟ್ರಾನ್ಸ್‌ಫರ್ ತೊಂದರೆಯಾದಾಗ ಅರ್ಜಿ ಬರೆದುಕೊಟ್ಟದ್ದು. ಇನ್ನೊಬ್ಬರ ಮಗಳ ಫೀಸಿಗೆ ದುಡ್ಡು ಕೊಟ್ಟು ಯಾರಿಗೂ ಹೇಳದೇ ಇದ್ದದ್ದು. ದೊಡ್ಡಪ್ಪನಿಗೆ ಇದರಲ್ಲಿ ಅರ್ಧ ಗೊತ್ತಿರಲಿಲ್ಲ. ಕೇಳುತ್ತಾ ಕೂತರು. ನಡುವೆ ತಾವೇ, 'ಹಿತಕಿದ ಬೇಳೆ ಸಾರು ದಿನಾ ಯಾಕೆ ಮಾಡ್ತೀಯ ಅಂತ ನಾನು ಬೈದಿದ್ದೆ. ಇದಕ್ಕಾ!' ಅಂದು ನಕ್ಕರು. ನಗುತ್ತಾ ಅತ್ತರು. ಯಾರೂ ತಡೆಯಲಿಲ್ಲ. ಪಾಂಡವಪುರದವರು ಅವರ ಪಕ್ಕದಲ್ಲೇ ಕೂತು, ಸಮಾಧಾನ ಮಾಡ್ಕೊಳ್ಳಿ ಅಂತ ಏನೂ ಅನ್ನದೆ, 'ಇನ್ನೊಂದಿನ ಏನಾಯ್ತು ಗೊತ್ತಾ ಸಾರ್' ಅಂತ ಮುಂದಿನದನ್ನು ಶುರು ಮಾಡಿದರು.

ನೀವು ಈ ಅಂಗಡಿ ಹುಡುಕಿಕೊಂಡು ಹೋಗುವುದಾದರೆ ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ, ಭಾನುವಾರ ಬೇಡ. ಪಿತೃಪಕ್ಷದ ಹತ್ತಿರ ತುಂಬಾ ರಶ್ ಇರುತ್ತದಂತೆ, ಆಗಿನದಕ್ಕೆ ತಿಂಗಳ ಮೊದಲೇ ಕೊಡಿ. ವಾಟ್ಸಾಪಿನಲ್ಲಿ ಬಂದ ಫೋಟೋ ಬೇಡ, ಮೂಲ ಪ್ರಿಂಟೇ ತೆಗೆದುಕೊಂಡು ಹೋಗಿ. ಮೊಬೈಲಲ್ಲಿ ತೆಗೆದದ್ದಾದರೆ ತೆಗೆದವರ ಫೋನಿನಿಂದ ಡಾಕ್ಯುಮೆಂಟ್ ಆಗಿ ಕಳಿಸಿಕೊಳ್ಳಿ, ಆಗ ಕುಗ್ಗುವುದಿಲ್ಲ. ಸೀರೆ ಇದ್ದರೆ ಸೀರೆ. ಮುಖ್ಯವಾಗಿ, ಹೋದವರನ್ನು ಹತ್ತಿರದಿಂದ ಕಂಡ ಒಬ್ಬರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ, ಯಾಕೆಂದರೆ ಮಾಲೀಕರು ಕೇಳುವುದಕ್ಕೆ ಬೇರೆಯವರ ಹತ್ತಿರ ಉತ್ತರ ಇರುವುದಿಲ್ಲ.

ಹೋದ ವಾರ ಅಕ್ಕ ಇನ್ನೂ ಎಂಟು ಚಿಕ್ಕ ಪ್ರಿಂಟ್‌ಗೆ ಹೇಳಿದ್ದಳು, ಏಳು ರೈಲಿನವರಿಗೆ, ಒಂದು ತನಗೆ. ತರೋಕೆ ನಾನು ಹೊರಟಾಗ ದೊಡ್ಡಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮೆಟ್ಟಿಲು ತುಂಬಾ ಕಡಿದು ಅಂದೆ. 'ಮೆಲ್ಲಗೆ ಹತ್ತುತೀನಿ ನಡಿ' ಅಂದರು. ಹತ್ತಿದರು, ನಾಲ್ಕು ಕಡೆ ನಿಂತು. ಮಾಲೀಕರು ಎದ್ದು ಕುರ್ಚಿ ಕೊಟ್ಟರು, ನೀರು ಕೊಟ್ಟರು. ದೊಡ್ಡಪ್ಪ ಉಸಿರು ಸುಧಾರಿಸಿಕೊಂಡು, ಜೇಬಿನಿಂದ ಆ ಮದುವೆಯ ಹೊಸದರ ಕಪ್ಪು ಬಿಳುಪಿನ ಫೋಟೋ ತೆಗೆದು ಮೇಜಿನ ಮೇಲಿಟ್ಟರು.

'ಆಗ ಜಡೆ ಇಷ್ಟುದ್ದ ಇತ್ತು ಅವಳಿಗೆ' ಅಂದರು, ಅವರು ಕೇಳುವ ಮೊದಲೇ.